ದೋಣಿಮನೆಗೆ ಬೂಷ್ಟು, ಪಿಸ್ತೂಲಿಗೆ ತುಕ್ಕು

ಪ್ರಶ್ನೆ: ಸರ್, ನಮಸ್ಕಾರ. ನಮ್ಮೂರು ತೀರ್ಥಹಳ್ಳಿ ಹತ್ತಿರ. ಇಪ್ಪತ್ತು ವರ್ಷದಿಂದ ಅಮೆರಿಕದಲ್ಲಿದ್ದೇವೆ, ಈಗ ಫ್ಲೋರಿಡಾದ ಟ್ಯಾಂಪಾದಲ್ಲಿ. ಇಬ್ಬರೂ ಇಲ್ಲಿನ ಪ್ರಜೆಗಳು. ಮಗಳು ಕಾಲೇಜಿಗೆ ಹೋದ ಮೇಲೆ ನಮ್ಮನೆಯವರ ಹಳೇ ಆಸೆಯಂತೆ 38 ಅಡಿಯ ಹಳೆಯ ಫೈಬರ್‌ಗ್ಲಾಸ್ ಹಾಯಿದೋಣಿ ಕೊಂಡೆವು. ಬರುವ ನವೆಂಬರ್‌ನಲ್ಲಿ ಮನೆ ಬಾಡಿಗೆಗೆ ಕೊಟ್ಟು, ಬಹಾಮಾಸ್ ದ್ವೀಪಗಳ ಕಡೆ ಹೋಗಿ ಆರು ತಿಂಗಳು ಅದರಲ್ಲೇ ಇರುವ ಯೋಚನೆ. ಡಿಸೆಂಬರ್‌ನಿಂದ ಶನಿವಾರ ಭಾನುವಾರ ಅಲ್ಲೇ ಮಲಗಿ ಅಭ್ಯಾಸ ಮಾಡುತ್ತಿದ್ದೇವೆ. ಚಳಿಗೆ ಕಿಟಕಿಗಳನ್ನೆಲ್ಲ ಮುಚ್ಚಿಕೊಳ್ಳುತ್ತೇವೆ. ಎರಡೇ ರಾತ್ರಿಗೆ ಹಾಸಿಗೆ ಅಡಿ ಒದ್ದೆ. ಕಪಾಟಿನ ಬಟ್ಟೆಗೆ ಬೂಷ್ಟು. ಬಾತ್‌ರೂಮ್ ಕಡೆಯಿಂದ ಎಂಥದ್ದೋ ವಾಸನೆ. ಬೋಟ್ ಸೋರುತ್ತಿದೆ ಅಂತ ನನ್ನ ಅನುಮಾನ. "ಬೋಟ್ ಅಂದ್ರೆ ಹೀಗೇ" ಅಂತ ಅವರ ವಾದ. ಇನ್ನೊಂದು ವಿಷಯ. ಅವರ ಹತ್ತಿರ ಒಂದು ಹ್ಯಾಂಡ್‌ಗನ್ ಇದೆ, ಮಾಮೂಲಿ ಸ್ಟೀಲಿನದು. ಬೋಟಿಗೆ ತಂದಿಟ್ಟ ಎರಡೇ ತಿಂಗಳಲ್ಲಿ ಮೇಲೆಲ್ಲ ಕೆಂಪು ಚುಕ್ಕೆ. ಅದನ್ನು ಮಾರಿ ಸ್ಟೇನ್‌ಲೆಸ್‌ನದೋ ಪ್ಲಾಸ್ಟಿಕ್ ಫ್ರೇಮಿನದೋ ತಗೊಂಡರೆ ಸಮುದ್ರಕ್ಕೆ ಸರಿಹೋಗುತ್ತದೆ ಅನ್ನುತ್ತಾರೆ. ನನಗೆ ಬೋಟಿನಲ್ಲಿ ಗನ್ ಇರುವುದೇ ಇಷ್ಟ ಇಲ್ಲ. ಯಾರು ಸರಿ? ಕೊನೆಗೊಂದು, ನಗಬೇಡಿ. ಅಮ್ಮ ಕೊಟ್ಟ ಕಬ್ಬಿಣದ ದೋಸೆ ಕಾವಲಿ ಇದೆ. ತಗೊಂಡು ಹೋಗಬಹುದಾ?
— ಹೆಸರು ಬೇಡ ಎಂದ ಓದುಗರು, ಟ್ಯಾಂಪಾ

ಉತ್ತರ: ನಗುವ ಮಾತೇ ಇಲ್ಲ. ನಿಮ್ಮ ಇಡೀ ಪತ್ರದಲ್ಲಿ ನನಗೆ ಬಹಳ ಇಷ್ಟವಾದ ಪ್ರಶ್ನೆ ಅದು. ಕೊನೆಗೆ ಬರೋಣ.

ನನ್ನ ಕೆಲಸ ಬೋಟ್ ಸರ್ವೆ. ಹುಟ್ಟಿದ್ದು ಮಲ್ಪೆಯಲ್ಲಿ. ಹಡಗಿನ ಎಂಜಿನ್ ರೂಮಿನಲ್ಲಿ ಹನ್ನೊಂದು ವರ್ಷ ಕಳೆದೆ. ಆಮೇಲೆ ಫೋರ್ಟ್ ಲಾಡರ್‌ಡೇಲ್‌ಗೆ ಬಂದು ಹದಿನೆಂಟು ವರ್ಷದಿಂದ ಇದೇ ಕಸುಬು. ಯಾರಾದರೂ ಹಳೇ ಬೋಟ್ ಕೊಳ್ಳುವ ಮುಂಚೆ ನಾನು ಹೋಗಿ ತಟ್ಟಿ, ಮೂಸಿ, ಸಂದಿಗೊಂದಿಗೆ ಟಾರ್ಚ್ ಬಿಟ್ಟು ನೋಡಿ ಬರುತ್ತೇನೆ. ಗನ್ ರಿಪೇರಿ ನನಗೆ ಗೊತ್ತಿಲ್ಲ. ಆದರೆ ಉಪ್ಪುಗಾಳಿ ಯಾವ ಲೋಹಕ್ಕೆ ಏನು ಮಾಡುತ್ತದೆ ಅನ್ನುವುದನ್ನು ದಿನಾ ನೋಡುತ್ತೇನೆ. ಗನ್ ಅಂತ ಅದು ಮುಲಾಜು ತೋರಿಸುವುದಿಲ್ಲ.

ಮೊದಲು ಒದ್ದೆ ಹಾಸಿಗೆ. ನಿಮ್ಮವರ "ಬೋಟ್ ಅಂದ್ರೆ ಹೀಗೇ" ಅನ್ನುವ ಮಾತು ಸುಳ್ಳು. ಒಣಗಿ ಗರಿಗರಿಯಾಗಿರುವ ನಲವತ್ತು ವರ್ಷದ ಬೋಟುಗಳನ್ನೂ ನೋಡಿದ್ದೇನೆ. ನಿಮ್ಮ "ಸೋರುತ್ತಿದೆ" ಕೂಡ ಪೂರ್ತಿ ನಿಜ ಆಗಿರಲಿಕ್ಕಿಲ್ಲ. ನೀವು ಬರೆದದ್ದರಲ್ಲೇ ಸುಳಿವಿದೆ: ಚಳಿ, ಮುಚ್ಚಿದ ಕಿಟಕಿ, ಎರಡು ರಾತ್ರಿ. ಆ ನೀರಿನಲ್ಲಿ ಬಹುಪಾಲು ನಿಮ್ಮಿಬ್ಬರದೇ.

ಬೇಜಾರಾಗಬೇಡಿ, ಲೆಕ್ಕ ನೋಡಿ. ಇಬ್ಬರು ಎಂಟು ಗಂಟೆ ಮಲಗಿ ಎದ್ದರೆ ಉಸಿರು, ಬೆವರು ಸೇರಿ ಸುಮಾರು ಅರ್ಧ ಲೀಟರ್ ನೀರು ಗಾಳಿಗೆ ಹೋಗಿರುತ್ತದೆ. ಅಡುಗೆ ಗ್ಯಾಸ್ ಉರಿದರೂ ನೀರೇ ಹುಟ್ಟುತ್ತದೆ. ಒಂದು ಕಿಲೋ ಪ್ರೊಪೇನ್ ಉರಿದರೆ ಒಂದೂವರೆ ಲೀಟರಿಗಿಂತ ಜಾಸ್ತಿ ನೀರು ಆವಿಯಾಗಿ ಹೊರಬರುತ್ತದೆ. ಇದು ಸಾರು ಕುದಿಯುವ ಹಬೆಯನ್ನು ಬಿಟ್ಟು. ಮನೆಯಲ್ಲಾದರೆ ಇದೆಲ್ಲ ನಾಲ್ಕು ರೂಮಿಗೆ ಹಂಚಿಹೋಗುತ್ತದೆ. ನಿಮ್ಮ ಬೋಟಿನ ಒಳಗಿರುವ ಜಾಗ ಊರಿನ ಮನೆಯ ಒಂದು ಕೋಣೆಯಷ್ಟು. ಅದರಲ್ಲೇ ಅಡುಗೆ, ಮಲಗುವುದು, ಸ್ನಾನ. ಜನವರಿಯಲ್ಲಿ ಹೊರಗಿನ ನೀರು ತಣ್ಣಗಿರುತ್ತದೆ, ನೀರಿನ ಮಟ್ಟಕ್ಕಿಂತ ಕೆಳಗಿನ ಬೋಟಿನ ಗೋಡೆಯೂ ಅಷ್ಟೇ ತಣ್ಣಗೆ. ಫ್ರಿಜ್ಜಿನಿಂದ ತೆಗೆದ ಬಾಟಲಿ ಮೇಜಿನ ಮೇಲೆ ಬೆವರುವುದಿಲ್ವಾ? ಹಾಗೇ ಗೋಡೆ ಬೆವರುತ್ತದೆ. ಮೈಯಿಂದ ಹೊರಟ ಆವಿ ಸ್ಪಂಜಿನ ಹಾಸಿಗೆಯ ಮೂಲಕ ಕೆಳಗಿಳಿದು, ತಣ್ಣನೆಯ ಹಲಗೆ ಸಿಕ್ಕಿದ ತಕ್ಷಣ ನೀರಾಗುತ್ತದೆ. ಗಾಳಿ ಬರಲು ದಾರಿ ಇಲ್ಲ, ಅಲ್ಲೇ ನಿಂತುಬಿಡುತ್ತದೆ.

ತೀರ್ಥಹಳ್ಳಿಯವರಿಗೆ ಬೂಷ್ಟಿನ ಬಗ್ಗೆ ನಾನು ಹೇಳಿಕೊಡಬೇಕಾಗಿಲ್ಲ. ಜುಲೈನಲ್ಲಿ ಬಚ್ಚಲೊಲೆ ಮೇಲೆ ಹಗ್ಗ ಕಟ್ಟಿ ಬಟ್ಟೆ ಒಣಗಿಸುತ್ತಿದ್ದದ್ದು ನೆನಪಿರಬೇಕು. ಅಲ್ಲಿ ಎರಡು ಸಂಗತಿ ಇದ್ದವು: ಬಿಸಿ, ಮತ್ತು ಹೆಂಚಿನ ಸಂದಿಯಿಂದ ಹೊರಗೆ ಹೋಗುವ ಗಾಳಿ. ಬೋಟಿನಲ್ಲಿ ನೀವು ಬಿಸಿಯನ್ನು ಇಟ್ಟುಕೊಂಡು ಗಾಳಿಯ ದಾರಿ ಮುಚ್ಚಿದ್ದೀರಿ.

ಆದರೂ ಸೋರಿಕೆ ಇಲ್ಲ ಅಂತ ಕೂತಲ್ಲೇ ಹೇಳಲು ಬರುವುದಿಲ್ಲ. ಪರೀಕ್ಷೆ ಸುಲಭ. ಒದ್ದೆಯಾಗುವ ಗೋಡೆಯ ಒಂದು ಜಾಗವನ್ನು ಚೆನ್ನಾಗಿ ಒರೆಸಿ ಒಣಗಿಸಿ. ಅಂಗೈ ಅಗಲದ ಪ್ಲಾಸ್ಟಿಕ್ ಹಾಳೆ ಇಟ್ಟು ನಾಲ್ಕೂ ಕಡೆ ಟೇಪ್ ಹಚ್ಚಿ. ಎರಡು ದಿನ ಬಿಟ್ಟು ನೋಡಿ. ಹಾಳೆಯ ಈಚೆ, ಅಂದರೆ ನಿಮ್ಮ ಕಡೆ ಹನಿ ಇದ್ದರೆ ಅದು ಒಳಗಿನ ಗಾಳಿಯ ನೀರು. ಹಾಳೆಯ ಹಿಂದೆ ಒದ್ದೆ ಇದ್ದರೆ ನೀರು ಗೋಡೆಯಿಂದ ಬರುತ್ತಿದೆ. ಕಪಾಟಿನಲ್ಲಿ ನೀರು ನಿಂತಿದ್ದರೆ ಬೆರಳದ್ದಿ ನಾಲಿಗೆಗೆ ಮುಟ್ಟಿಸಿ. ಉಪ್ಪಾದರೆ ಸಮುದ್ರ. ಸಪ್ಪೆಯಾದರೆ ಮಳೆ, ಇಲ್ಲವೇ ನಿಮ್ಮ ಟ್ಯಾಂಕು. ಬೋಟಿನ ತಳದಲ್ಲಿ, ಬಿಲ್ಜಿನಲ್ಲಿ ನಿಂತ ನೀರಿಗೆ ಮಾತ್ರ ಈ ಪ್ರಯೋಗ ಬೇಡ. ಅದರಲ್ಲಿ ಡೀಸೆಲ್‌ನಿಂದ ಹಿಡಿದು ಏನೆಲ್ಲ ಇರುತ್ತದೋ.

ಮಳೆನೀರು ಅಂತ ಗೊತ್ತಾದರೆ ಸ್ವಲ್ಪ ಗಂಭೀರವಾಗಿ ತಗೊಳ್ಳಿ. ನಿಮ್ಮ ಬೋಟಿನಷ್ಟು ಹಳೆಯ ಬೋಟುಗಳ ಡೆಕ್, ಅಂದರೆ ಮೇಲಿನ ನೆಲ, ಬಹುತೇಕ ಸ್ಯಾಂಡ್‌ವಿಚ್ ಥರ ಇರುತ್ತದೆ. ಮೇಲೊಂದು ಕೆಳಗೊಂದು ಫೈಬರ್ ಪದರ, ನಡುವೆ ಬಾಲ್ಸಾ ಅನ್ನುವ ಹಗುರ ಮರ. ಡೆಕ್ಕಿಗೆ ಹಾಕಿದ ಒಂದೊಂದು ಬೋಲ್ಟೂ ಆ ಮರಕ್ಕೆ ಒಂದು ತೂತು. ಬೋಲ್ಟಿನ ಸುತ್ತ ತುಂಬಿದ ಸೀಲೆಂಟ್ ವರ್ಷ ಕಳೆದಂತೆ ಒಣಗಿ ಬಿರಿಯುತ್ತದೆ. ನೀರು ಮೊದಲು ಮರಕ್ಕೆ ಇಳಿಯುತ್ತದೆ, ನಿಮ್ಮ ಕಪಾಟಿಗೆ ಬರುವುದು ಎಷ್ಟೋ ಕಾಲದ ಮೇಲೆ. ನಾನು ಪ್ಲಾಸ್ಟಿಕ್ ಸುತ್ತಿಗೆ ಹಿಡಿದು ಡೆಕ್ ಉದ್ದಕ್ಕೂ ತಟ್ಟುತ್ತಾ ಹೋಗುತ್ತೇನೆ. ಗಟ್ಟಿ ಇರುವ ಕಡೆ ಟಕ್ ಟಕ್ ಅನ್ನುತ್ತದೆ. ಕೊಳೆತ ಜಾಗ ಬಂದಾಗ ದಬ್ ಅಂತ ಮಂಕಾಗುತ್ತದೆ. ತೆಂಗಿನಕಾಯಿ ತಟ್ಟಿ ಆರಿಸಿದವರ ಕಿವಿಗೆ ಇದು ಕಷ್ಟವಲ್ಲ. ಒಮ್ಮೆ ಒಬ್ಬರ ಬೋಟಿನಲ್ಲಿ ಎಲ್ಲಾ ಕಡೆ ತಟ್ಟಿ, ನೀರು ತಾಗಿದ್ದು ಎರಡೇ ಜಾಗ ಅಂತ ಬರೆದುಕೊಟ್ಟೆ. ಹಗ್ಗದ ಪೆಟ್ಟಿಗೆ ಭಾರ ಅಂತ ಸರಿಸದೆ ಬಿಟ್ಟಿದ್ದೆ. ಅದರ ಅಡಿಯಲ್ಲೇ ಮೂರನೆಯದು ಇತ್ತು, ಎಲ್ಲಕ್ಕಿಂತ ದೊಡ್ಡದು. ಅಂದಿನಿಂದ ಪೆಟ್ಟಿಗೆ ಸರಿಸದೆ ಸಹಿ ಹಾಕುವುದಿಲ್ಲ. ಬೋಲ್ಟ್ ಬಿಚ್ಚಿ ಹೊಸ ಸೀಲೆಂಟ್ ಹಾಕುವುದು ನೀವೇ ಮಾಡಬಹುದಾದ ಕೆಲಸ. ಮರವೇ ಕೊಳೆತಿದ್ದರೆ ಡೆಕ್ ಕೊಯ್ದು ತೆಗೆಯಬೇಕು. ಆ ಖರ್ಚು ಕೆಲವೊಮ್ಮೆ ಹಳೇ ಬೋಟಿನ ಬೆಲೆಯ ಹತ್ತಿರಕ್ಕೆ ಹೋಗುತ್ತದೆ. ಅದಕ್ಕೇ ನವೆಂಬರ್ ತನಕ ಕಾಯದೆ ಈಗಲೇ ತಟ್ಟಿಸಿ.

ಇನ್ನು ಒಳಗಿನ ನೀರಿಗೆ ಏನು ಮಾಡುವುದು? ಜನ ಮೊದಲು ಅಂಗಡಿಯಿಂದ ತರುವುದು ತೇವ ಹೀರುವ ಬಿಳಿ ಹರಳಿನ ಡಬ್ಬ. ಕ್ಯಾಲ್ಸಿಯಂ ಕ್ಲೋರೈಡ್ ಅದು. ಮುಚ್ಚಿದ ಸಣ್ಣ ಕಪಾಟಿಗೆ ಸರಿ. ಕಿಟಕಿ ತೆರೆದು ಅದನ್ನಿಟ್ಟರೆ ನೀವು ಮೆಕ್ಸಿಕೋ ಕೊಲ್ಲಿಯನ್ನೇ ಒಣಗಿಸಲು ಹೊರಟಂತೆ. ಇನ್ನೂ ಒಂದು ಅಪಾಯ ಇದೆ. ಡಬ್ಬದಲ್ಲಿ ತುಂಬಿಕೊಳ್ಳುವ ನೀರು ಶುದ್ಧ ಉಪ್ಪುನೀರಿನ ಅಪ್ಪ. ಅಲೆಗೆ ಬೋಟ್ ವಾಲಿ ಅದು ಚೆಲ್ಲಿದರೆ ಹತ್ತಿರದ ಲೋಹ ಯಾವುದಿದ್ದರೂ ಮುಗೀತು. ನಿಮ್ಮವರ ಗನ್ನಿನ ಪಕ್ಕ ಅಂಥ ಡಬ್ಬ ಇದೆಯಾ, ಮೊದಲು ನೋಡಿ. ಇನ್ನೊಂದು ತಪ್ಪು ನಂಬಿಕೆ ಬ್ಲೀಚಿನದು. ಬ್ಲೀಚ್ ಹಾಕಿದರೆ ಬೂಷ್ಟಿನ ಬಣ್ಣ ಹೋಗುತ್ತದೆ. ತೇವ ಅಲ್ಲೇ ಇದ್ದರೆ ಎರಡು ವಾರದಲ್ಲಿ ವಾಪಸ್. ಮೇಲಾಗಿ ಬ್ಲೀಚು ಬೋಟಿನ ಸ್ಟೇನ್‌ಲೆಸ್ ಸ್ಟೀಲನ್ನೂ ತಿನ್ನುತ್ತದೆ.

ನಾನಾಗಿದ್ದರೆ ಹಾಸಿಗೆಯಿಂದ ಶುರು ಮಾಡುತ್ತಿದ್ದೆ. ಹಲಗೆಗೂ ಸ್ಪಂಜಿಗೂ ನಡುವೆ ಒಂದು ಬೆರಳಿನಷ್ಟು ಗಾಳಿ ಆಡಬೇಕು. ಇದಕ್ಕೆಂದೇ ಪ್ಲಾಸ್ಟಿಕ್ ಜಾಲರಿಯ ಚಾಪೆ ಸಿಗುತ್ತದೆ, ಮರದ ಪಟ್ಟಿ ಹೊಡೆದರೂ ನಡೆಯುತ್ತದೆ. ಬೆಳಿಗ್ಗೆ ಎದ್ದ ತಕ್ಷಣ ಹಾಸಿಗೆಯನ್ನು ಗೋಡೆಗೆ ಎತ್ತಿ ನಿಲ್ಲಿಸಿ. ನಮ್ಮ ಅಜ್ಜಿಯರು ದಿನಾ ಹಾಸಿಗೆ ಸುತ್ತಿಡುತ್ತಿದ್ದರು ನೋಡಿ, ಅದೇ. ಆಮೇಲೆ ಕಪಾಟಿನ ಬಾಗಿಲು. ಗಟ್ಟಿ ಹಲಗೆಯ ಬಾಗಿಲಿಗೆ ಮೇಲೊಂದು ಕೆಳಗೊಂದು ತೂತು ಕೊರೆಸಿ, ಇಲ್ಲವೇ ಬೆತ್ತದ ಜಾಲರಿ ಹಾಕಿಸಿ. ಮಳೆ ಬಂದರೂ ಗಾಳಿ ಒಳಬರುವ ವ್ಯವಸ್ಥೆ ಬೇಕು. ಡೊರೇಡ್ ಪೆಟ್ಟಿಗೆ ಅಂತಾರೆ. ಸುಮಾರು 1930ರಲ್ಲಿ ಓಲಿನ್ ಸ್ಟೀಫನ್ಸ್ ಅನ್ನುವ ವಿನ್ಯಾಸಗಾರ ರೂಪಿಸಿದ 'ಡೊರೇಡ್' ಹಾಯಿದೋಣಿಯಿಂದ ಬಂದ ಹೆಸರು. ಪೆಟ್ಟಿಗೆಯೊಳಗೆ ಅಡ್ಡಗೋಡೆ ಇರುತ್ತದೆ. ಗಾಳಿ ಅದನ್ನು ಬಳಸಿ ಒಳಗೆ ಹೋಗುತ್ತದೆ, ನೀರು ಕೆಳಗಿನ ಕಂಡಿಯಿಂದ ಡೆಕ್ಕಿಗೇ ಹರಿದುಹೋಗುತ್ತದೆ. ಇಷ್ಟು ವರ್ಷವಾದರೂ ಇದಕ್ಕಿಂತ ಒಳ್ಳೇ ಉಪಾಯ ನಾನು ನೋಡಿಲ್ಲ.

ಮರೀನಾದಲ್ಲಿ, ಅಂದರೆ ಬೋಟು ಕಟ್ಟಿ ನಿಲ್ಲಿಸುವ ಕಡೆ, ಕರೆಂಟ್ ಇರುವಾಗ ಗಾಳಿಯ ತೇವ ಎಳೆಯುವ ಸಣ್ಣ ಡಿಹ್ಯುಮಿಡಿಫೈಯರ್ ಓಡಿಸಿ, ಅದರ ಪೈಪನ್ನು ಸಿಂಕಿಗೆ ಬಿಡಿ. ಗಾಳಿಯ ತೇವ ಶೇ 60ಕ್ಕಿಂತ ಕೆಳಗೆ ಇದ್ದರೆ ಬೂಷ್ಟಿಗೆ ಕಷ್ಟ. ಒಂದು ಅಗ್ಗದ ಮೀಟರ್ ತಂದು ತೂಗುಹಾಕಿ. ಹೀಟರ್ ಮಾತ್ರ ಯಾರೂ ಇಲ್ಲದಾಗ ಹಚ್ಚಿಟ್ಟು ಬರಬೇಡಿ. ಮರೀನಾದ ಬೆಂಕಿ ಅವಘಡಗಳಲ್ಲಿ ಅದೂ ಒಂದು ಕಾರಣ. ಲಂಗರು ಹಾಕಿ ನಿಂತ ಮೇಲೆ ಈ ಯಂತ್ರಕ್ಕೆಲ್ಲ ಕರೆಂಟ್ ಸಾಲದು. ಆಗ ಕೆಲಸಕ್ಕೆ ಬರುವುದು 12 ವೋಲ್ಟಿನ ಪುಟ್ಟ ಫ್ಯಾನು, ತೆರೆದ ಹ್ಯಾಚು (ಡೆಕ್ಕಿನ ಮೇಲಿನ ಕಿಂಡಿ), ಮುಚ್ಚಳ ಹಾಕಿ ಮಾಡಿದ ಅಡುಗೆ. ಗೋಡೆಗೆ ಫೋಮ್ ಅಂಟಿಸುವ ಸಲಹೆಯನ್ನೂ ನಿಮಗೆ ಯಾರಾದರೂ ಕೊಡುತ್ತಾರೆ. ಚಳಿ ದೇಶಕ್ಕೆ ಅದು ಸರಿ. ನಿಮ್ಮ ಆರು ತಿಂಗಳ ಬಹಾಮಾಸ್‌ಗೆ ಬೇಡ. ಫೋಮಿನ ಹಿಂದೆ ಸೋರಿಕೆ ಅಡಗಿ ಕೂತರೆ ಹುಡುಕುವುದು ನನಗೂ ತಲೆನೋವು.

ಈಗ ಉಪ್ಪಿನ ಮಾತು. ಇಲ್ಲಿಂದಲೇ ಗನ್ನಿಗೂ ದಾರಿ. ಮಳೆಗಾಲದಲ್ಲಿ ಡಬ್ಬದ ಕಲ್ಲುಪ್ಪು ನೀರೊಡೆಯುವುದನ್ನು ನೋಡಿದ್ದೀರಿ. ಶುದ್ಧ ಅಡುಗೆ ಉಪ್ಪು ಗಾಳಿಯ ತೇವ ಶೇ 75 ದಾಟಿದಾಗ ನೀರು ಹೀರಿ ಕರಗುತ್ತದೆ. ಸಮುದ್ರದ ಉಪ್ಪಿನಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಕೂಡ ಇರುವುದರಿಂದ ಅದು ಶೇ 33ರಷ್ಟು ತೇವಕ್ಕೇ ನೀರು ಎಳೆಯಲು ಶುರು ಮಾಡುತ್ತದೆ. ಅಂದರೆ ಕಡಲ ನೀರು ತಾಗಿದ ಟವೆಲ್, ಕುಶನ್, ಚಡ್ಡಿ ಯಾವತ್ತೂ ಪೂರ್ತಿ ಒಣಗುವುದಿಲ್ಲ. ಬಿಸಿಲಲ್ಲಿ ಒಣಗಿದ ಹಾಗೆ ಕಾಣುತ್ತದೆ, ಸಂಜೆಗೆ ಮತ್ತೆ ತಣ್ಣಗೆ ಅಂಟಂಟು. ಸಿಹಿನೀರಲ್ಲಿ ಜಾಲಾಡಿಸದೆ ಬೇರೆ ದಾರಿ ಇಲ್ಲ. ಆದ್ದರಿಂದ ಒಂದು ನಿಯಮ ಮಾಡಿಕೊಳ್ಳಿ: ಈಜಿ ಬಂದವರು ಹಿಂದಿನ ಮೆಟ್ಟಿಲಲ್ಲೇ ಒಂದು ಚೊಂಬು ಸಿಹಿನೀರು ಹೊಯ್ದುಕೊಂಡು, ಮೈ ಒರೆಸಿಕೊಂಡು ಒಳಗೆ ಬರಬೇಕು. ಗಂಡಸರಿಗೆ ಇದನ್ನು ಎರಡು ಸಲ ಹೇಳಬೇಕಾಗುತ್ತದೆ.

ಅದೇ ಉಪ್ಪು ಕಣ್ಣಿಗೆ ಕಾಣದಷ್ಟು ತೆಳ್ಳಗೆ ಬೋಟಿನೊಳಗಿನ ಎಲ್ಲಾ ಲೋಹದ ಮೇಲೂ ಕೂರುತ್ತದೆ. ಕೂತಲ್ಲೇ ನೀರು ಹೀರಿಕೊಳ್ಳುತ್ತದೆ. ಹಾಗಾಗಿ ಕಪಾಟಿನೊಳಗೆ ಒಂದು ಹನಿ ನೀರು ಬೀಳದಿದ್ದರೂ ಗನ್ನಿನ ಮೇಲೆ ಸದಾ ಒಂದು ಉಪ್ಪುನೀರಿನ ಪೊರೆ ಇರುತ್ತದೆ. ಕೆಂಪು ಚುಕ್ಕೆ ಅದರದು.

ನಿಮ್ಮವರು ಕೇಳುವ ಫ್ರೇಮ್ ಅಂದರೆ ಹಿಡಿ ಮತ್ತು ಅದಕ್ಕೆ ಸೇರಿದ ಮೈ. ಅದರ ಮೇಲೆ ಹಿಂದೆ ಮುಂದೆ ಜಾರುವ ಭಾಗ ಸ್ಲೈಡ್. ಹಿಂದೆ ಎರಡೂ ಮಾಮೂಲಿ ಕಾರ್ಬನ್ ಸ್ಟೀಲ್. ತುಕ್ಕು ತಡೆಯಲು ಬ್ಲೂಯಿಂಗ್ ಅಂತ ಕಪ್ಪುನೀಲಿ ಲೇಪ. ಅದೂ ಒಂದು ಥರದ ಕಬ್ಬಿಣದ ಆಕ್ಸೈಡೇ, ಎಣ್ಣೆ ಹಿಡಿದಿಟ್ಟುಕೊಳ್ಳಲಿ ಅಂತ ಇರುವುದು. ಎಣ್ಣೆ ಆರಿತೋ, ತುಕ್ಕು. ತೂಕ ಇಳಿಸಲು ಅಲ್ಯುಮಿನಿಯಂ ಮಿಶ್ರಲೋಹದ ಫ್ರೇಮ್ ಬಂತು. 1985ರಲ್ಲಿ ಅಮೆರಿಕದ ಸೇನೆ ಆರಿಸಿಕೊಂಡ ಬೆರೆಟ್ಟಾ ಪಿಸ್ತೂಲು ಆ ಜಾತಿಯದು. 1965ರಲ್ಲಿ ಸ್ಮಿತ್ ಅಂಡ್ ವೆಸನ್ ಕಂಪನಿ ಮಾಡೆಲ್ 60 ಅನ್ನುವ ಸ್ಟೇನ್‌ಲೆಸ್ ರಿವಾಲ್ವರ್ ತಂದಿತು. ಪ್ಲಾಸ್ಟಿಕ್ ಫ್ರೇಮನ್ನು 1970ರಲ್ಲೇ ಜರ್ಮನಿಯ ಹೆಕ್ಲರ್ ಅಂಡ್ ಕಾಖ್ ಮಾಡಿತ್ತು. ಜನಪ್ರಿಯವಾದದ್ದು 1982ರಲ್ಲಿ ಆಸ್ಟ್ರಿಯಾದ ಸೇನೆ ಗ್ಲಾಕ್ 17 ಪಿಸ್ತೂಲನ್ನು ಒಪ್ಪಿಕೊಂಡ ಮೇಲೆ.

ಸ್ಟೇನ್‌ಲೆಸ್ ಬಗ್ಗೆ ಇರುವ ಭ್ರಮೆಯನ್ನು ಅಡುಗೆಮನೆಯಲ್ಲೇ ಬಿಡಿಸಬಹುದು. ಒಳ್ಳೇ ಸ್ಟೀಲ್ ಡಬ್ಬಿಯೂ ಸ್ಟೇನ್‌ಲೆಸ್, ತರಕಾರಿ ಹೆಚ್ಚುವ ಚಾಕುವೂ ಸ್ಟೇನ್‌ಲೆಸ್. ಎರಡನ್ನೂ ಉಪ್ಪುನೀರಿನಲ್ಲಿ ರಾತ್ರಿ ಬಿಟ್ಟರೆ ಚುಕ್ಕೆ ಬರುವುದು ಚಾಕುವಿಗೆ. ಚಾಕುವಿನ ಸ್ಟೀಲು ಗಟ್ಟಿಯಾಗಬೇಕು, ಹರಿತ ನಿಲ್ಲಬೇಕು. ಅದಕ್ಕಾಗಿ ಬೇರೆ ಜಾತಿಯ ಉಕ್ಕು ಆರಿಸುತ್ತಾರೆ, ತುಕ್ಕು ತಡೆಯುವ ಶಕ್ತಿ ಕಡಿಮೆಯಾಗುತ್ತದೆ. ಗನ್ನಿನ ನಳಿಗೆ, ಸ್ಲೈಡಿಗೂ ಗಟ್ಟಿತನ ಬೇಕಾದ್ದರಿಂದ ಬಳಸುವುದು ಬಹುತೇಕ ಚಾಕುವಿನ ನೆಂಟ ಜಾತಿ. ಬೋಟಿನ ಮೇಲೆ ನಾವು ಬಳಸುವ 316 ಸ್ಟೀಲಿನಲ್ಲಿ ಶೇ 2ರಿಂದ 3ರಷ್ಟು ಮಾಲಿಬ್ಡಿನಂ ಇರುತ್ತದೆ, ಉಪ್ಪಿಗೆ ತಡೆಯಲೆಂದೇ. ಮ್ಯಾಗ್ನೆಟ್ ಹಿಡಿದು ನೋಡಿ. ಬೋಟಿನ ಕಂಬಿಗೆ ಅಂಟುವುದಿಲ್ಲ, ಸ್ಟೇನ್‌ಲೆಸ್ ಗನ್ನಿನ ಸ್ಲೈಡಿಗೆ ಸಾಮಾನ್ಯವಾಗಿ ಗಬಕ್ಕನೆ ಅಂಟುತ್ತದೆ.

316ಕ್ಕೂ ಒಂದು ದೌರ್ಬಲ್ಯ ಇದೆ. ಸ್ಟೇನ್‌ಲೆಸ್ ತನ್ನ ಮೇಲಿನ ಕ್ರೋಮಿಯಂ ಆಕ್ಸೈಡಿನ ಪೊರೆಯಿಂದ ಉಳಿಯುತ್ತದೆ. ಪೊರೆ ಹರಿದರೆ ಮತ್ತೆ ಕಟ್ಟಿಕೊಳ್ಳಲು ಗಾಳಿಯ ಆಮ್ಲಜನಕ ಬೇಕು. ಒದ್ದೆಯಾಗಿ, ಗಾಳಿ ಇಲ್ಲದೆ ಮುಚ್ಚಿಟ್ಟರೆ ಒಳಗೊಳಗೇ ತಿನ್ನಿಸಿಕೊಳ್ಳುತ್ತದೆ. ಹಾಯಿಮರದ ತಂತಿಗಳನ್ನು ಹಿಡಿದಿಡುವ ಚೈನ್‌ಪ್ಲೇಟ್ ಅನ್ನುವ ಪಟ್ಟಿಗಳು ಹೊರಗೆ ಫಳಫಳ ಹೊಳೆಯುತ್ತವೆ, ಡೆಕ್ಕಿನೊಳಗೆ ಹುದುಗಿದ ಒಂದು ಇಂಚಿನಲ್ಲಿ ಬಿರುಕು ಬಿಟ್ಟಿರುತ್ತವೆ. ನಿಮ್ಮ ಬೋಟಿನದನ್ನು ಬಿಚ್ಚಿ ನೋಡಿಸಿ, ಗನ್ನಿಗಿಂತ ಇದು ತುರ್ತು. ಮುರಿದರೆ ಹಾಯಿಮರವೇ ಬೀಳುತ್ತದೆ.

ಪ್ಲಾಸ್ಟಿಕ್ ಫ್ರೇಮಿಗೆ ತುಕ್ಕು ಹಿಡಿಯುವುದಿಲ್ಲ, ನಿಜ. ಆದರೆ ಫ್ರೇಮ್ ಮಾತ್ರ ಪ್ಲಾಸ್ಟಿಕ್. ಸ್ಲೈಡ್, ನಳಿಗೆ, ಸ್ಪ್ರಿಂಗ್, ಪಿನ್ನು, ಸ್ಲೈಡ್ ಓಡುವ ಹಳಿ ಎಲ್ಲ ಉಕ್ಕು. ತೂಕದಲ್ಲಿ ಮುಕ್ಕಾಲಿಗಿಂತ ಜಾಸ್ತಿ ಲೋಹವೇ. ತುಕ್ಕು ಮೊದಲು ಹಿಡಿಯುವುದು ಕಣ್ಣಿಗೆ ಬೀಳದ ಸಣ್ಣ ಸ್ಪ್ರಿಂಗಿಗೆ. ಹೊರಗೆ ಕೆಂಪು ಕಾಣದ ಕಾರಣ ಮಾಲೀಕರು ಒಳಗೆ ನೋಡುವುದೂ ಇಲ್ಲ. ಅಲ್ಯುಮಿನಿಯಂ ಫ್ರೇಮಿಗೆ ಗಟ್ಟಿ ಆನೊಡೈಜಿಂಗ್ ಲೇಪ ಇರುವ ತನಕ ತೊಂದರೆ ಕಡಿಮೆ. ಲೇಪ ಕೆರೆದು, ಉಕ್ಕು ತಾಗಿ, ನಡುವೆ ಉಪ್ಪುನೀರು ಸೇರಿದರೆ ಬಿಳಿ ಪುಡಿ ಏಳುತ್ತದೆ. ನಿಮ್ಮ ಹಾಯಿಮರದಲ್ಲಿ ಸ್ಟೀಲ್ ಸ್ಕ್ರೂ ಸುತ್ತ ಅದೇ ಬಿಳಿ ಪುಡಿ ಕಾಣಬಹುದು.

ನಾನು ನೋಡಿದ ಒಂದು ಗನ್ನಿನ ಕಥೆ ಹೇಳುತ್ತೇನೆ. ಒಂದು ಬೋಟಿನ ಸರ್ವೆಗೆ ಹೋಗಿದ್ದೆ. ಮಂಚದ ಕೆಳಗಿನ ಪೆಟ್ಟಿಗೆ ತೆಗೆಯುವ ಮುಂಚೆ ಮಾಲೀಕರು ತಡೆದು, ಒಳಗಿದ್ದ ಪಿಸ್ತೂಲನ್ನು ತಾವೇ ಹೊರಗೆ ತೆಗೆದರು. ದುಬಾರಿ ಸ್ಟೇನ್‌ಲೆಸ್. ಚರ್ಮದ ಕವಚದಲ್ಲಿ ಹಾಕಿ, ಅದನ್ನು ಸ್ಪಂಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಜೋಪಾನ ಮಾಡಿದ್ದೇ ಮುಳುವಾಗಿತ್ತು. ಚರ್ಮವೂ ಸ್ಪಂಜೂ ಒದ್ದೆ ಬಟ್ಟೆಯಂತೆ ತೇವ ಹಿಡಿದಿದ್ದವು. ಕವಚದ ಹೊಲಿಗೆ ಎಲ್ಲೆಲ್ಲಿ ತಾಗಿತ್ತೋ ಅಲ್ಲೆಲ್ಲ ಸ್ಲೈಡಿನ ಮೇಲೆ ಹೊಲಿಗೆಯ ಅಚ್ಚಿನಂತೆ ಕಂದು ಗೆರೆ. ಅವರು ಎಳೆದರೆ ಸ್ಲೈಡ್ ಅಲ್ಲಾಡಲಿಲ್ಲ. ಅವರ ಅಡುಗೆಮನೆಯ ಮೇಜಿನ ಡ್ರಾಯರಿನಲ್ಲಿ ಮಾಮೂಲಿ ಕಬ್ಬಿಣದ ಇಕ್ಕಳ ಇತ್ತು. ವಾರಕ್ಕೊಮ್ಮೆ ಬಳಸುತ್ತಿದ್ದರಂತೆ, ಎಣ್ಣೆ ಕೈ ತಾಗುತ್ತಿತ್ತು. ಅದಕ್ಕೆ ಏನೂ ಆಗಿರಲಿಲ್ಲ.

ಹಾಗಾಗಿ ನಿಮ್ಮವರು ಫ್ರೇಮ್ ಬದಲಿಸಲು ದುಡ್ಡು ಹಾಕುವುದು ದಂಡ. ಇಟ್ಟುಕೊಳ್ಳಲೇಬೇಕು ಅಂದರೆ ಚರ್ಮ, ಸ್ಪಂಜು ಬಿಟ್ಟು ಬೀಗ ಇರುವ, ರಬ್ಬರ್ ಅಂಚಿನ ಪೆಟ್ಟಿಗೆ. ಒಳಗೆ ತೇವ ಹೀರುವ ಸಿಲಿಕಾ ಜೆಲ್ ಹರಳು, ತಿಂಗಳಿಗೊಮ್ಮೆ ಅದನ್ನು ಬಿಸಿ ಮಾಡಿ ಒಣಗಿಸಬೇಕು. ಗುಂಡು ತೆಗೆದು ಖಾಲಿ ಮಾಡಿದ ಗನ್ನನ್ನು ಹದಿನೈದು ದಿನಕ್ಕೊಮ್ಮೆ ಬಿಚ್ಚಿ, ಒರೆಸಿ, ಎಣ್ಣೆ ಹಚ್ಚಬೇಕು. ಆರು ತಿಂಗಳು ತಪ್ಪದೆ ಮಾಡುತ್ತಾರಾ? ನೀವೇ ಬಲ್ಲಿರಿ.

ಲೋಹಕ್ಕಿಂತ ದೊಡ್ಡ ತಲೆನೋವು ಕಾಗದಪತ್ರದ್ದು. ಬಹಾಮಾಸ್‌ಗೆ ಕಾಲಿಟ್ಟ ತಕ್ಷಣ ಗನ್ನನ್ನು ಕಸ್ಟಮ್ಸ್‌ಗೆ ಘೋಷಿಸಬೇಕು. ಕಂಪನಿ, ಸೀರಿಯಲ್ ನಂಬರ್, ಗುಂಡುಗಳ ಲೆಕ್ಕ ಒಂದೂ ತಪ್ಪದಂತೆ. ಬೋಟಿನಲ್ಲೇ ಬೀಗ ಹಾಕಿಡಬೇಕು, ದಡಕ್ಕೆ ತರುವಂತಿಲ್ಲ. ಅಲ್ಲಿಂದ ಮುಂದೆ ಟರ್ಕ್ಸ್ ಅಂಡ್ ಕೈಕೋಸ್ ಅನ್ನುವ ದ್ವೀಪಗಳಿಗೆ ಹೋದರೆ ಕಾನೂನು ಬಹಳ ಕಠಿಣ. 2024ರಲ್ಲಿ ಬ್ಯಾಗಿನಲ್ಲಿ ಮರೆತುಹೋಗಿದ್ದ ಕೆಲವು ಗುಂಡುಗಳಿಗಾಗಿ ಅಮೆರಿಕದ ಪ್ರವಾಸಿಗಳು ಅಲ್ಲಿ ಬಂಧನಕ್ಕೆ ಒಳಗಾದರು. ಆಗ ಕಾನೂನಿನಲ್ಲಿದ್ದ ಕನಿಷ್ಠ ಶಿಕ್ಷೆ 12 ವರ್ಷ. ಗನ್ ಮನೆಯಲ್ಲಿ ಬಿಟ್ಟು, ಎರಡು ಗುಂಡು ಪ್ಯಾಂಟಿನ ಜೇಬಿನಲ್ಲಿ ಉಳಿದರೂ ಕೇಸೇ. ಬೋಟಿನ ಮೂಲೆಮೂಲೆ ಹುಡುಕಿಸಿ. ಇದನ್ನು ಓದುವ, ಇನ್ನೂ ಎಚ್1ಬಿ ಥರದ ವೀಸಾದಲ್ಲಿರುವ ನಮ್ಮ ಹುಡುಗರಿಗೆ ಒಂದು ಮಾತು: ಕೆಲವು ವಿನಾಯಿತಿ ಬಿಟ್ಟರೆ ಅಮೆರಿಕದ ಫೆಡರಲ್ ಕಾನೂನು ನಿಮಗೆ ಗನ್ ಇಟ್ಟುಕೊಳ್ಳಲು ಬಿಡುವುದಿಲ್ಲ. ಗೆಳೆಯರ ಬೋಟಿನಲ್ಲಿ ಹೋಗುವಾಗಲೂ ನೆನಪಿರಲಿ.

ಯಾರು ಸರಿ ಅಂತ ಕೇಳಿದಿರಿ. ಗನ್ ವಿಷಯದಲ್ಲಿ ನನ್ನ ಓಟು ನಿಮಗೆ. ಆ ಕಡೆ ಬೋಟಿನವರು ಹೆಚ್ಚಾಗಿ ಕಳೆದುಕೊಳ್ಳುವುದು ಡಿಂಗಿ, ಅಂದರೆ ದಡಕ್ಕೆ ಹೋಗುವ ಪುಟ್ಟ ದೋಣಿ, ಮತ್ತು ಅದರ ಮೋಟರು. ರಾತ್ರಿ ಅದನ್ನು ನೀರಿನಿಂದ ಮೇಲೆತ್ತಿ, ಉಕ್ಕಿನ ಹಗ್ಗ ಹಾಕಿ ಬೀಗ ಹಾಕಿ. ಒಳಗಿನಿಂದ ಚಿಲಕ ಹಾಕಬಹುದಾದ ಬಾಗಿಲು, ಡೆಕ್ಕಿನ ಮೇಲೊಂದು ಜೋರು ಲೈಟು, ಹತ್ತಿರದ ಬೋಟುಗಳನ್ನು ಕರೆಯಲು ವಿಎಚ್‌ಎಫ್ ರೇಡಿಯೋ ಇರಲಿ. ಅಪಾಯಸೂಚನೆಯ ಫ್ಲೇರುಗಳ ತಾರೀಕು ನೋಡಿ, ತಯಾರಾಗಿ 42 ತಿಂಗಳಿಗೆ ಅವಧಿ ಮುಗಿಯುತ್ತದೆ. ಗನ್ನನ್ನು ಟ್ಯಾಂಪಾದಲ್ಲೇ ಕಾನೂನಿನ ಪ್ರಕಾರ ಬೀಗದಲ್ಲಿ ಇಟ್ಟು ಬನ್ನಿ. ಬಾಡಿಗೆಗೆ ಕೊಡುವ ಮನೆಯಲ್ಲಿ ಮಾತ್ರ ಇಡಬೇಡಿ.

ಬಾತ್‌ರೂಮ್ ವಾಸನೆ ಮರೆಯಲಿಲ್ಲ. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಟಾಯ್ಲೆಟ್ಟಿನ ಪೈಪನ್ನು ಉದ್ದಕ್ಕೂ ಒರೆಸಿ, ಬಟ್ಟೆ ತಣ್ಣಗಾದ ಮೇಲೆ ಮೂಸಿ. ವಾಸನೆ ಬಟ್ಟೆಗೆ ಬಂದಿದ್ದರೆ ಪೈಪಿನ ರಬ್ಬರೇ ವಾಸನೆ ಕುಡಿದಿದೆ, ಬದಲಿಸಬೇಕು. ಬಟ್ಟೆ ಚೆನ್ನಾಗಿದ್ದು, ವಾರ ಬಿಟ್ಟು ಹೋದಾಗ ಮೊದಲ ಫ್ಲಶ್ಶಿಗೆ ಮಾತ್ರ ಕೊಳೆತ ಮೊಟ್ಟೆ ವಾಸನೆ ಬರುತ್ತಿದ್ದರೆ ಅದು ಪೈಪಿನಲ್ಲಿ ನಿಂತ ಸಮುದ್ರದ ನೀರಿನಲ್ಲಿ ಸತ್ತ ಸಣ್ಣ ಜೀವಿಗಳದು. ಬೋಟ್ ಬಿಟ್ಟು ಹೋಗುವಾಗ ಸಿಹಿನೀರು ಹಾಯಿಸಿ ಹೋದರೆ ಸಾಕು.

ಇನ್ನು ಕಾವಲಿ. ಧಾರಾಳವಾಗಿ ತಗೊಂಡು ಹೋಗಿ. ಮಿಕ್ಸಿಯೂ ಹೋಗಲಿ. 750 ವಾಟಿನ ಮಿಕ್ಸಿ ಇನ್ವರ್ಟರ್ ಮೂಲಕ 12 ವೋಲ್ಟಿನ ಬ್ಯಾಟರಿಯಿಂದ ಸುಮಾರು 70 ಆಂಪಿಯರ್ ಎಳೆಯುತ್ತದೆ. ಕೇಳಲು ಭಯ ಆಗುತ್ತದೆ, ಆದರೆ ಐದು ನಿಮಿಷಕ್ಕೆ ಖರ್ಚಾಗುವುದು ಆರು ಆಂಪಿಯರ್ ಗಂಟೆಯಷ್ಟೇ. ನಿಮ್ಮ ಫ್ರಿಜ್ಜು ದಿನಕ್ಕೆ ಅದರ ಹತ್ತುಪಟ್ಟು ತಿನ್ನುತ್ತದೆ. ಇನ್ವರ್ಟರ್ ಮಾತ್ರ ಸಾಕಷ್ಟು ದೊಡ್ಡದಿರಲಿ, ತಂತಿ ದಪ್ಪ ಇರಲಿ. ಬಹಾಮಾಸ್‌ನ ಸೆಕೆಗೆ ಹಿಟ್ಟು ರಾತ್ರಿಯೊಳಗೆ ಉಬ್ಬುತ್ತದೆ. ಪಾತ್ರೆಯ ಅರ್ಧಕ್ಕಿಂತ ಜಾಸ್ತಿ ತುಂಬಿಸಬೇಡಿ, ಅಲೆಗೆ ಉಕ್ಕಿ ಬಿಲ್ಜಿಗೆ ಇಳಿದರೆ ಆ ವಾಸನೆಗೆ ನಾನೂ ಮದ್ದು ಹೇಳಲಾರೆ. ದೋಸೆ ಆದ ಮೇಲೆ ಕಾವಲಿಯನ್ನು ಸಮುದ್ರದ ನೀರಲ್ಲಿ ತೊಳೆಯಬೇಡಿ. ಬಿಸಿ ಇರುವಾಗಲೇ ಒರೆಸಿ, ಅರ್ಧ ಈರುಳ್ಳಿಯಿಂದ ಎಣ್ಣೆ ಸವರಿ. ತಣ್ಣಗಾದ ಮೇಲೆ ಹಳೇ ಹತ್ತಿ ಬಟ್ಟೆಯಲ್ಲಿ ಸುತ್ತಿ ಸ್ಟೋವಿನ ಕೆಳಗಿನ ಒಣ ಜಾಗದಲ್ಲಿ ಇಡಿ. ಅಲ್ಯುಮಿನಿಯಂ ಪಾತ್ರೆಯ ಮೇಲೆ ಮಾತ್ರ ಪೇರಿಸಬೇಡಿ.